ಉದ್ಯೋತ: ಸಂಜೆಯ ಮನೆಗೆ ಎಂಥ ಬೆಳಕು?

ಕನ್ನಡದಲ್ಲಿ ಸಂಜೆಯನ್ನು ಗಡಿಯಾರದಿಂದಲ್ಲ, ದೀಪದಿಂದ ಅಳೆಯುವ ರೂಢಿಯಿದೆ. 'ದೀಪ ಹಚ್ಚುವ ಹೊತ್ತು' ಎಂದರೆ ಸಾಕು, ಅದು ಎಷ್ಟು ಗಂಟೆ ಎಂದು ಯಾರೂ ಕೇಳುವುದಿಲ್ಲ. ಹಳಗನ್ನಡದ 'ಬಯ್ಗು' ಮರೆಯಾಗಿ 'ಸಂಜೆ' ಉಳಿದಿದೆ. 'ಸೊಡರ್' ಹಿಂದೆ ಸರಿದು 'ದೀಪ' ಮುಂದೆ ಬಂದಿದೆ. ಆದರೆ ಹಳೆಯ ಮೈಸೂರಿನ ಕಡೆಯ ಹಿರಿಯರ ಬಾಯಲ್ಲಿ 'ದೀಪ ಮುಡಿಸು' ಎಂಬ ಮಾತು ಇನ್ನೂ ಕೇಳಿಬರುತ್ತದೆ. ಹೂವನ್ನು ಮುಡಿಸುವಂತೆ ದೀಪವನ್ನೂ ಮುಡಿಸುವುದು. ಮುಡಿಸುವ ವಸ್ತುವಿಗೆ ಒಂದು ಅಳತೆಯಿದೆ, ಒಂದು ಜಾಗವಿದೆ. ಮೈತುಂಬ ಹೂ ಸುರಿದುಕೊಂಡರೆ ಅದನ್ನು ಮುಡಿದಂತಾಗುವುದಿಲ್ಲ. ಸಂಜೆಯ ಮನೆಗೆ ಬೆಳಕನ್ನು ಆರಿಸುವ ಪ್ರಶ್ನೆಯೂ ಇದೇ: ಎಷ್ಟು, ಎಲ್ಲಿ, ಎಂಥದು. ಮೈಸೂರಿನ ಒಂದು ಮನೆಯಲ್ಲಿ ಈ ಪ್ರಶ್ನೆ ಒಂದು ವರ್ಷದ ಮಟ್ಟಿಗೆ ಮನಸ್ತಾಪದ ರೂಪ ತಾಳಿತ್ತು.

ಸರಸ್ವತೀಪುರದ ಅಡ್ಡರಸ್ತೆಯೊಂದರಲ್ಲಿರುವ ಆ ತಾರಸಿ ಮನೆಯ ಹಿರಿಯರು ಎಪ್ಪತ್ತೆಂಟರ ಅಜ್ಜಿ. ಶ್ರವಣಬೆಳಗೊಳದ ಆಸುಪಾಸಿನ ಹಳ್ಳಿಯಲ್ಲಿ ಹುಟ್ಟಿ, ಪ್ರೌಢಶಾಲೆಯ ಸಂಸ್ಕೃತ ಪಂಡಿತರ ಕೈಹಿಡಿದು ಮೈಸೂರಿಗೆ ಬಂದವರು. ಪಂಡಿತರು ತೀರಿಕೊಂಡು ಹತ್ತು ವರ್ಷ ಕಳೆದಿದೆ. ಮಗ ಬ್ಯಾಂಕಿನಲ್ಲಿ ಅಧಿಕಾರಿ, ಸೊಸೆ ಶಾಲೆಯೊಂದರಲ್ಲಿ ಗಣಿತದ ಅಧ್ಯಾಪಕಿ, ಮೊಮ್ಮಗಳು ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ವಿದ್ಯಾರ್ಥಿನಿ. ಅಜ್ಜಿ ಹದಿನೆಂಟನೆಯ ವಯಸ್ಸಿನಿಂದ ಅನಸ್ತಮಿತ ವ್ರತವನ್ನು ಹಿಡಿದವರು. ಸೂರ್ಯ ಮುಳುಗುವ ಮೊದಲೇ ಅವರ ಊಟ ಮುಗಿಯಬೇಕು. ಮೈಸೂರಿನಲ್ಲಿ ಸೂರ್ಯಾಸ್ತವು ಋತುವಿಗೆ ತಕ್ಕಂತೆ ಸಂಜೆ ಆರಕ್ಕೆ ಕೊಂಚ ಮೊದಲಿನಿಂದ ಏಳಕ್ಕೆ ಕೊಂಚ ಮೊದಲಿನವರೆಗೆ ಸರಿದಾಡುತ್ತದೆ. ಅಜ್ಜಿಯ ಊಟವೂ ಅದರ ಜೊತೆಗೆ ಸರಿದಾಡುತ್ತ ಬಂದಿದೆ. ಊಟದಿಂದ ನಿದ್ರೆಯವರೆಗೆ ಅವರಿಗೆ ಮೂರು ಗಂಟೆಗಳ ಬಿಡುವು. ಆ ಮನೆಯಲ್ಲಿ ಅತ್ಯಂತ ದೀರ್ಘವಾದ ಸಂಜೆ ಅವರದೇ.

ಆ ಮೂರು ಗಂಟೆಗಳನ್ನು ಅವರು ಕಳೆಯುತ್ತಿದ್ದುದು ನಡುಮನೆಯ ಬೆತ್ತದ ಕುರ್ಚಿಯಲ್ಲಿ. ಮೊದಲು ಸಾಮಾಯಿಕ, ಅನಂತರ ಒಂದಿಷ್ಟು ಸ್ವಾಧ್ಯಾಯ, ಕೊನೆಗೆ ಮನೆಯವರೊಡನೆ ಮಾತು. ಗೋಡೆಯ ಮೇಲೆ ಅರವತ್ತು ವ್ಯಾಟಿನ ಒಂದು ಬುರುಡೆ ದೀಪ, ಅದಕ್ಕೆ ಹಾಲುಗಾಜಿನ ಮುಚ್ಚಳ. ಕೋಣೆಯ ಮೂಲೆಗಳು ಮಬ್ಬಾಗಿಯೇ ಇರುತ್ತಿದ್ದವು. ಪಂಡಿತರು ಬದುಕಿದ್ದಾಗ ಅವರ ಮೇಜಿನ ಮೇಲೆ ಬಾಗುಕತ್ತಿನ ಇನ್ನೊಂದು ದೀಪವಿತ್ತು. ಓದುವವರಿಗೆ ಅದು, ಕುಳಿತು ಮಾತನಾಡುವವರಿಗೆ ಇದು. ಬೇರೆ ವ್ಯವಸ್ಥೆ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಒಂದು ಸಂಕ್ರಾಂತಿಯ ಅನಂತರ ಮಗ ಮನೆಯನ್ನು ನವೀಕರಿಸಿದರು. ನಡುಮನೆಗೆ ಜಿಪ್ಸಂ ಹಲಗೆಯ ಒಳಛಾವಣಿ ಬಂತು. ಅದರಲ್ಲಿ ಹನ್ನೆರಡು ರಂಧ್ರ, ಪ್ರತಿ ರಂಧ್ರದಲ್ಲೂ ಹನ್ನೆರಡು ವ್ಯಾಟಿನ ಒಂದೊಂದು ಎಲ್‌ಇಡಿ ದೀಪ. ಪೆಟ್ಟಿಗೆಯ ಮೇಲೆ 'ಕೂಲ್ ಡೇ ಲೈಟ್, 6500 ಕೆ' ಎಂದು ಅಚ್ಚಾಗಿತ್ತು. ಇಂಥ ಒಂದು ದೀಪ ಸುಮಾರು ಸಾವಿರ ಲೂಮೆನ್ ಬೆಳಕು ಚೆಲ್ಲುತ್ತದೆ. ಹಳೆಯ ಅರವತ್ತು ವ್ಯಾಟಿನ ಬುರುಡೆ ಕೊಡುತ್ತಿದ್ದುದು ಏಳುನೂರರ ಆಜೂಬಾಜು. ಲೆಕ್ಕ ಹಾಕಿದರೆ ನಡುಮನೆಯ ಬೆಳಕು ಹದಿನೈದು ಪಟ್ಟಿಗೂ ಮಿಕ್ಕಿ ಹೆಚ್ಚಿತ್ತು. ವಿದ್ಯುತ್ತಿನ ಖರ್ಚು ಮಾತ್ರ ಎರಡೂವರೆ ಪಟ್ಟು ಮೀರಿರಲಿಲ್ಲ. ಮಗನಿಗೆ ಅದೊಂದು ಹೆಮ್ಮೆ. ತಾಯಿಯ ಕಣ್ಣು ಮಂಜಾಗುತ್ತಿದೆ, ಬೆಳಕು ಹೆಚ್ಚಾದರೆ ಅವರಿಗೆ ಅನುಕೂಲ ಎಂಬ ಕಳಕಳಿಯೂ ಅದರಲ್ಲಿತ್ತು.

ಗೃಹಶಾಂತಿಯ ಮರುವಾರದಿಂದ ಅಜ್ಜಿ ಸಂಜೆ ನಡುಮನೆಗೆ ಬರುವುದನ್ನು ನಿಲ್ಲಿಸಿದರು. ಹಿತ್ತಲಿಗೆ ತಾಗಿದ ಸಾಮಾನಿನ ಕೋಣೆಯಲ್ಲಿ, ನವೀಕರಣದ ಕೈ ತಾಗದೆ ಉಳಿದಿದ್ದ ಹಳೆಯ ಬುರುಡೆ ದೀಪದ ಕೆಳಗೆ, ಅಕ್ಕಿಯ ಡಬ್ಬಗಳ ನಡುವೆ ಒಂದು ಮಣೆ ಹಾಕಿಕೊಂಡು ಕೂರತೊಡಗಿದರು. ಏಕೆ ಎಂದು ಕೇಳಿದರೆ, "ಇಲ್ಲೇ ಚೆನ್ನಾಗಿದೆ ಕಣಪ್ಪ" ಎಂಬ ಉತ್ತರ. ಮಗ ಇದನ್ನು ಬೇಸರವೆಂದು ತಿಳಿದರು: ತಂದೆಯ ಕಾಲದ ಮನೆಯನ್ನು ಬದಲಿಸಿದ್ದು ಅಮ್ಮನಿಗೆ ಹಿಡಿಸಿಲ್ಲ. ಸೊಸೆ ಅದನ್ನು ತನ್ನ ಮೇಲಿನ ಮುನಿಸೆಂದು ತಿಳಿದರು: ಬಣ್ಣ, ಪರದೆ, ಸೋಫಾ ಎಲ್ಲವೂ ಅವರ ಆಯ್ಕೆಯೇ ಆಗಿತ್ತು. "ನಾನು ಏನು ಮಾಡಿದರೂ ಅತ್ತೆಗೆ ಸರಿಬರುವುದಿಲ್ಲ" ಎಂಬ ಮಾತು ಒಂದು ರಾತ್ರಿ ಗೋಡೆಯಾಚೆಗೂ ಕೇಳುವಷ್ಟು ಗಟ್ಟಿಯಾಗಿ ಬಂತು. ಅಜ್ಜಿಯ ಮೌನ ಇನ್ನೂ ಗಟ್ಟಿಯಾಯಿತು. ತಮ್ಮ ಸಲುವಾಗಿ ಮಗ ಲಕ್ಷಗಟ್ಟಲೆ ಸುರಿದಿರುವಾಗ 'ಈ ಬೆಳಕು ನನಗೆ ಆಗದು' ಎನ್ನುವುದು ಕೃತಘ್ನತೆಯಾದೀತೆಂದು ಅವರು ಎಣಿಸಿದ್ದರು. ಹೀಗೆ ಮೂರು ಜನರ ಒಳ್ಳೆಯತನ ಸೇರಿ ಒಂದು ಮನೆಯನ್ನು ಎರಡು ಮಾಡಿತು. ಬೆಳಕಿನ ದೋಷವನ್ನು ಎಲ್ಲರೂ ಮನುಷ್ಯರಲ್ಲಿ ಹುಡುಕುತ್ತಿದ್ದರು.

ಗುಟ್ಟು ಹೊರಬಿದ್ದದ್ದು ಮೇ ತಿಂಗಳ ಮೊದಲ ದೊಡ್ಡ ಮಳೆಯ ಮಾರನೆಯ ಬೆಳಿಗ್ಗೆ. ಹಿಂದಿನ ಸಂಜೆ ಮಳೆ ನಿಂತೊಡನೆ ರೆಕ್ಕೆ ಬಂದ ಗೆದ್ದಲು ಹುಳುಗಳು ನೆಲದಿಂದ ಎದ್ದು, ನಡುಮನೆಯ ಬಿಳಿ ಬೆಳಕಿಗೆ ಕಿಟಕಿಯ ಸಂದುಗಳಿಂದ ನುಗ್ಗಿದ್ದವು. ಬೆಳಗಾಗುವ ಹೊತ್ತಿಗೆ ನೆಲದ ತುಂಬ ಉದುರಿದ ರೆಕ್ಕೆಗಳು, ಸತ್ತ ಹುಳುಗಳ ರಾಶಿ. ಮೊಮ್ಮಗಳು ಎದ್ದು ಬಂದಾಗ ಅಜ್ಜಿ ಮೆತ್ತನೆಯ ಬಟ್ಟೆಯೊಂದರಿಂದ, ಇನ್ನೂ ಮಿಸುಕುತ್ತಿದ್ದವನ್ನು ಬೇರ್ಪಡಿಸಿ ಹಿತ್ತಲ ಗಿಡದ ಬುಡಕ್ಕೆ ಸಾಗಿಸುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. "ಮೊದಲ ಮಳೆಯ ಸಂಜೆ ನಾವು ದೀಪ ಮುಡಿಸುತ್ತಿರಲಿಲ್ಲ ಪುಟ್ಟಿ" ಎಂದರು. "ಒಂದು ತಾಸು ಕತ್ತಲೆಯಲ್ಲಿ ಕೂತು ಕತೆ ಹೇಳಿಕೊಳ್ಳುತ್ತಿದ್ದೆವು. ಅವು ಹಾರಿಹೋದ ಮೇಲೆ ದೀಪ." ತುಸು ತಡೆದು ಉಳಿದದ್ದನ್ನೂ ಹೇಳಿದರು: "ಆ ನಡುಮನೆಯಲ್ಲಿ ಕೂತರೆ ಬಿಸಿಲಲ್ಲಿ ಕೂತ ಹಾಗೆ ಆಗುತ್ತೆ. ಕಣ್ಣು ಮುಚ್ಚಿದರೂ ಚುಚ್ಚುತ್ತೆ. ರಾತ್ರಿ ಎರಡಾದರೂ ನಿದ್ದೆ ಇಲ್ಲ. ನಿಮ್ಮಪ್ಪನಿಗೆ ಹೇಳಬೇಡ, ನೊಂದುಕೊಳ್ಳುತ್ತಾನೆ."

ಮೊಮ್ಮಗಳು ಹೇಳಿದಳು. ಆದರೆ ನೇರವಾಗಿ ಅಲ್ಲ. ತಾನು ಆ ವಾರ ಓದುತ್ತಿದ್ದ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದ ಮೂಲಕ.

ಉಮಾಸ್ವಾತಿಗಳ ಆ ಅಧ್ಯಾಯದಲ್ಲಿ ಪುದ್ಗಲದ ಪರ್ಯಾಯಗಳನ್ನು ಎಣಿಸುವ ಒಂದು ಸೂತ್ರವಿದೆ. ಶಬ್ದ, ಬಂಧ, ಸೂಕ್ಷ್ಮತೆ, ಸ್ಥೂಲತೆ, ಆಕಾರ, ಭೇದ ಇವುಗಳ ಅನಂತರ ನಾಲ್ಕು ಹೆಸರುಗಳು ಬರುತ್ತವೆ: ಕತ್ತಲೆ, ನೆರಳು, ಆತಪ, ಉದ್ಯೋತ. ಕನ್ನಡ ನಾಡಿನ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಇವನ್ನು ಬಿಡಿಸಿ ಹೇಳುತ್ತಾರೆ. ಸೂರ್ಯ ಮೊದಲಾದವುಗಳಿಂದ ಬರುವ ಉಷ್ಣವಾದ ಪ್ರಕಾಶ ಆತಪ. ಚಂದ್ರ, ಮಣಿ, ಮಿಂಚುಹುಳು ಮೊದಲಾದವುಗಳ ಪ್ರಕಾಶ ಉದ್ಯೋತ. ಕತ್ತಲೆಯೂ ಈ ಸಾಲಿನಲ್ಲೇ ಕುಳಿತಿರುವುದು ಗಮನಾರ್ಹ. ವೈಶೇಷಿಕರಿಗೆ ಕತ್ತಲೆಯೆಂದರೆ ಬೆಳಕಿನ ಅಭಾವ ಮಾತ್ರ, ಅದೊಂದು ವಸ್ತುವಲ್ಲ. ಜೈನ ದಾರ್ಶನಿಕರು ಇದನ್ನು ಒಪ್ಪಲಿಲ್ಲ. ಕತ್ತಲೆಯೂ ಪುದ್ಗಲದ ಒಂದು ಪರಿಣಾಮ. ಬೆಳಕಿನಷ್ಟೇ ಅದೂ ಇದೆ.

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ಸೂತ್ರವನ್ನು ಕೇಳುತ್ತ, ಹೇಳುತ್ತ ಅಜ್ಜಿಗೆ ಅದು ಕಂಠಪಾಠವಾಗಿತ್ತು. ಮೊಮ್ಮಗಳು ರಾತ್ರಿಯ ಊಟದ ಮೇಜಿನಲ್ಲಿ ಈ ವಾದವನ್ನು ವಿವರಿಸಿ, "ಅಪ್ಪ, ಕತ್ತಲೆಯೂ ಒಂದು ವಸ್ತು. ನೀವು ಅದನ್ನು ಮನೆಯಿಂದ ಹೊರಗೆ ಹಾಕಿದ್ದೀರಿ. ಅದರ ಜೊತೆಗೆ ಅಜ್ಜಿಯೂ ಹೊರಗೆ ಹೋದರು" ಎಂದಳು. ಮಗ ಮೊದಲು ನಕ್ಕರು. ಆಮೇಲೆ ಎದ್ದು ಸಾಮಾನಿನ ಕೋಣೆಗೆ ಹೋಗಿ ಅಕ್ಕಿಯ ಡಬ್ಬದ ಪಕ್ಕ ನೆಲದ ಮೇಲೆ ಕುಳಿತರು. "ಹೇಳಬಾರದಿತ್ತಾ ಅಮ್ಮ?" ಎಂದು ಕೇಳಿದರು. ಬಹಳ ದಿನಗಳ ಮೇಲೆ ತಾಯಿಮಕ್ಕಳು ಆ ರಾತ್ರಿ ಒಟ್ಟಿಗೆ ಕೂತು ಮಾತನಾಡಿದರು.

ಜೈನ ಚಿಂತನೆಯಲ್ಲಿ ದೀಪಕ್ಕೆ ಸಂಬಂಧಿಸಿದ ನಿಲುವು ಸರಳವಾದುದಲ್ಲ ಎಂಬುದನ್ನು ಸಾಹಿತ್ಯದ ಅಭ್ಯಾಸಿಗಳು ಇಲ್ಲಿ ನೆನೆಯಬೇಕು. ಒಂದು ಕಡೆ ದೀಪ ಜ್ಞಾನದ ಸಂಕೇತ. ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ಅಮಾವಾಸ್ಯೆಯ ದೀಪಗಳನ್ನು ಜಿನಸೇನರ ಹರಿವಂಶಪುರಾಣ ವರ್ಣಿಸುತ್ತದೆ. ಅಂದಿನಿಂದ ಜನ ವರ್ಷವರ್ಷವೂ ದೀಪಾಲಿಕೆಯನ್ನು ಆಚರಿಸುತ್ತ ಬಂದರೆಂದು ಹೇಳುತ್ತದೆ. ಶಕ 705ರ, ಎಂದರೆ ಕ್ರಿ.ಶ. 783ರ, ಈ ಕೃತಿಯ ಕರ್ತೃ ಪುನ್ನಾಟ ಸಂಘದವರು. ಕೃತಿ ರಚನೆಯಾದದ್ದು ದೂರದ ಪಶ್ಚಿಮ ದೇಶದಲ್ಲಾದರೂ ಸಂಘದ ಹೆಸರಿನಲ್ಲಿ ಇಂದಿನ ಮೈಸೂರಿನ ನೆರೆಯ ಪುನ್ನಾಟ ನಾಡು ಉಳಿದಿದೆ. ಶ್ವೇತಾಂಬರರ ಕಲ್ಪಸೂತ್ರದಲ್ಲಿಯೂ ಇಂಥದೇ ಪ್ರಸಂಗವಿದೆ: ಜ್ಞಾನದ ಬೆಳಕು ಮರೆಯಾಯಿತು, ದ್ರವ್ಯದ ಬೆಳಕನ್ನಾದರೂ ಮಾಡೋಣವೆಂದು ಗಣರಾಜರು ದೀಪ ಬೆಳಗಿದರು. ಅಲ್ಲಿ ಹೊರಗಿನ ದೀಪ ಒಂದು ಬದಲಿ ಮಾತ್ರ, ಅದೂ ಶೋಕದಲ್ಲಿ ಹಚ್ಚಿದ್ದು.

ಇನ್ನೊಂದು ಕಡೆ ದೀಪ ಹಿಂಸೆಗೆ ನಿಮಿತ್ತವೂ ಹೌದು. ಬೆಂಕಿಯೇ ಅಗ್ನಿಕಾಯಿಕ ಜೀವಗಳ ದೇಹ. ಅಲ್ಲದೆ ಉರಿಯುವ ಕುಡಿಗೆ ಬಂದು ಬೀಳುವ ಹುಳುಗಳು ಎಷ್ಟೋ. ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾತ್ರಿಭೋಜನವನ್ನು ನಿಷೇಧಿಸುವಾಗ ಒಂದು ಆಕ್ಷೇಪಕ್ಕೆ ಮೊದಲೇ ಉತ್ತರ ಕೊಡುತ್ತಾರೆ: ದೀಪ ಹಚ್ಚಿಕೊಂಡರೂ ಸೂರ್ಯನ ಬೆಳಕಿಲ್ಲದೆ ಅನ್ನದಲ್ಲಿ ಸೇರುವ ಸೂಕ್ಷ್ಮ ಜೀವಿಗಳ ಹಿಂಸೆಯನ್ನು ಹೇಗೆ ತಪ್ಪಿಸಲಾದೀತು? ದೀಪ ಎಂದಿಗೂ ಸೂರ್ಯನಿಗೆ ಸಮನಲ್ಲ. ಅದನ್ನು ಸಮನೆಂದು ಬಗೆಯುವಲ್ಲಿಯೇ ತಪ್ಪಿದೆ. 'ಡೇ ಲೈಟ್' ಎಂದು ಪೆಟ್ಟಿಗೆಯ ಮೇಲೆ ಬರೆದುಕೊಂಡು ಬರುವ ದೀಪದ ಮುಂದೆ ಈ ಮಾತಿಗೆ ಹೊಸ ಕಳೆ ಬರುತ್ತದೆ.

ಪತಂಗದ ದೃಷ್ಟಾಂತವನ್ನೂ ಇಲ್ಲಿ ಮರುಪರಿಶೀಲಿಸಬಹುದು. ಸ್ಪರ್ಶಕ್ಕೆ ಆನೆ, ರುಚಿಗೆ ಮೀನು, ಗಂಧಕ್ಕೆ ದುಂಬಿ, ರೂಪಕ್ಕೆ ಪತಂಗ, ಶಬ್ದಕ್ಕೆ ಜಿಂಕೆ. ಒಂದೊಂದು ಇಂದ್ರಿಯಕ್ಕೆ ಸೋತು ಸಾಯುವ ಈ ಐವರ ಪಟ್ಟಿ ನಮ್ಮ ವೈರಾಗ್ಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅತಿವೇಗದ ಕ್ಯಾಮೆರಾಗಳಿಂದ ಹಾರುವ ಕೀಟಗಳನ್ನು ಗಮನಿಸಿ ಬೇರೊಂದು ಕಾರಣವನ್ನು ಮುಂದಿಟ್ಟಿದೆ. ಹಾರುವಾಗ ಕೀಟ ತನ್ನ ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಇರುಳಿನಲ್ಲೂ ಆಕಾಶವೇ ನೆಲಕ್ಕಿಂತ ಬೆಳ್ಳಗಿರುವುದರಿಂದ, ಮೇಲು ಯಾವುದು ಕೆಳಗು ಯಾವುದು ಎಂದು ಅರಿಯಲು ಕೋಟ್ಯಂತರ ವರ್ಷ ಈ ಉಪಾಯ ಸಾಕಾಗಿತ್ತು. ಹತ್ತಿರದ ದೀಪವೊಂದು ಎದುರಾದಾಗ ಅದನ್ನೇ ಆಕಾಶವೆಂದು ನಂಬಿ ಹುಳು ಅದರ ಸುತ್ತಲೇ ಸುತ್ತುತ್ತದೆ. ಅದು ರೂಪಕ್ಕೆ ಮೋಹಗೊಂಡು ಸಾಯುವುದಿಲ್ಲ. ಮೇಲುಕೆಳಗಿನ ಎಣಿಕೆ ತಪ್ಪಿ ಸಾಯುತ್ತದೆ. ಹಾಗಿದ್ದರೆ ತಪ್ಪು ಪತಂಗದ್ದಲ್ಲ, ದೀಪವನ್ನು ಅಲ್ಲಿಟ್ಟವರದು. ದೃಷ್ಟಾಂತ ಸುಳ್ಳಾಗುವುದಿಲ್ಲ, ಅದರ ನೀತಿ ಮಾತ್ರ ಗೃಹಸ್ಥನ ಕಡೆಗೆ ತಿರುಗುತ್ತದೆ.

ಮೊಮ್ಮಗಳ ಓದಿನಲ್ಲಿ ಸಿಕ್ಕ ಇನ್ನೊಂದು ಪ್ರಸಂಗ ಆದಿಪುರಾಣದ್ದು. ಭೋಗಭೂಮಿಯ ಹತ್ತು ಬಗೆಯ ಕಲ್ಪವೃಕ್ಷಗಳಲ್ಲಿ ಬೆಳಕು ಕೊಡುವವು ಒಂದಲ್ಲ, ಎರಡು. ಜ್ಯೋತಿರಂಗ ಎಂಬುದು ಹಗಲಿನಂತೆ ಎಲ್ಲೆಡೆ ಬೆಳಗುವ ಮರ. ದೀಪಾಂಗ ಎಂಬುದು ಮನೆಯ ಸೊಡರಿನಂತೆ ಬೆಳಗುವ ಮರ. ಬೇಡಿದ್ದೆಲ್ಲ ದೊರಕುವ ನೆಲದಲ್ಲಿಯೂ ಒಂದು ಬೆಳಕು ಇನ್ನೊಂದರ ಕೆಲಸ ಮಾಡಲಾರದೆಂದು ಪುರಾಣಕಾರರು ಬಗೆದಂತಿದೆ. ಕಾಲ ಇಳಿಯುತ್ತ ಬಂದು ಜ್ಯೋತಿರಂಗ ವೃಕ್ಷಗಳ ಕಾಂತಿ ಕುಂದಿದಾಗ, ಆಷಾಢದ ಹುಣ್ಣಿಮೆಯ ಒಂದು ಸಂಜೆ ಜನರಿಗೆ ಆಕಾಶದಲ್ಲಿ ಎರಡು ಬಿಂಬಗಳು ಕಂಡವು: ಪಶ್ಚಿಮದಲ್ಲಿ ಇಳಿಯುವುದೊಂದು, ಪೂರ್ವದಲ್ಲಿ ಏರುವುದೊಂದು. ಅವರು ಬೆಚ್ಚಿ ಮೊದಲ ಕುಲಕರನಾದ ಪ್ರತಿಶ್ರುತಿಯ ಬಳಿಗೆ ಓಡಿದರು. ಹೆದರಬೇಡಿ, ಇವು ಸೂರ್ಯಚಂದ್ರರು, ಮೊದಲಿನಿಂದಲೂ ಇದ್ದವು, ಮರಗಳ ಬೆಳಕು ಅವನ್ನು ಮರೆಸಿತ್ತು ಎಂದು ಆತ ಸಮಾಧಾನ ಹೇಳಿದ. ಬೆಳಕೇ ಒಂದು ಮರೆಯಾಗಬಲ್ಲದೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕತೆ ಅಪರೂಪ.

ನಮ್ಮ ಶಾಸನಗಳಲ್ಲಿ ಬರುವ ನಂದಾದೀವಿಗೆಯ ದಾನಗಳನ್ನು ಓದುವಾಗ, ಬೆಳಕು ಎಷ್ಟು ದುಬಾರಿಯ ವಸ್ತುವಾಗಿತ್ತೆಂಬುದು ಅರಿವಾಗುತ್ತದೆ. ಬಸದಿಯ ಒಂದು ದೀಪ ನಂದದಂತೆ ನೋಡಿಕೊಳ್ಳಲು ಊರಿನ ಗಾಣಗಳಿಂದ ಇಂತಿಷ್ಟು ಎಣ್ಣೆಯೆಂದು ಕಲ್ಲಿನಲ್ಲಿ ಕೊರೆಸಬೇಕಿತ್ತು. ತಮಿಳು ನಾಡಿನ ಚೋಳರ ಶಾಸನಗಳಲ್ಲಿ ಒಂದು ನಿತ್ಯದೀಪದ ತುಪ್ಪಕ್ಕೆ 90 ಅಥವಾ 96 ಕುರಿಗಳನ್ನು ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ, 1908ರಲ್ಲಿ ಮೈಸೂರಿಗೆ. ಆದರೂ ಅಜ್ಜಿಯ ಹುಟ್ಟೂರಿನಲ್ಲಿ ಅವರ ಬಾಲ್ಯವೆಲ್ಲ ಹರಳೆಣ್ಣೆಯ ಹಣತೆ ಮತ್ತು ಲಾಟೀನಿನಲ್ಲೇ ಕಳೆಯಿತು. ಬೆಳಕು ದುರ್ಲಭವಾಗಿದ್ದಾಗ ಅದನ್ನು ಗಳಿಸುವುದು ವಿವೇಕವಾಗಿತ್ತು. ಈಗ ಅದು ನೀರಿಗಿಂತ ಅಗ್ಗ. ಅದನ್ನು ತಡೆಯುವುದು ವಿವೇಕವಾಗಿದೆ. ನಡುವಿನ ನೂರು ವರ್ಷಗಳಲ್ಲಿ ಬೆಲೆ ಬದಲಾಯಿತು, 'ಹೆಚ್ಚು ಬೆಳಕು ಎಂದರೆ ಹೆಚ್ಚು ಒಳಿತು' ಎಂಬ ಎಣಿಕೆ ಮಾತ್ರ ಹಾಗೆಯೇ ಉಳಿಯಿತು.

ದೇಹ ಈ ಎಣಿಕೆಯನ್ನು ಒಪ್ಪುವುದಿಲ್ಲ. ಕಣ್ಣಿನ ಅಕ್ಷಿಪಟಲದಲ್ಲಿ ನೋಡುವ ಕೋಶಗಳಲ್ಲದೆ, ಹಗಲೋ ಇರುಳೋ ಎಂದು ಮೆದುಳಿಗೆ ತಿಳಿಸುವ ಬೇರೊಂದು ಬಗೆಯ ಕೋಶಗಳೂ ಇವೆಯೆಂಬುದು ಈ ಶತಮಾನದ ಆರಂಭದಲ್ಲಿ ಖಚಿತವಾಯಿತು. ಇವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ 480 ನ್ಯಾನೊಮೀಟರಿನ ಆಸುಪಾಸಿನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ. ಸಂಜೆಯ ಮೇಲೂ ಆ ಬೆಳಕು ಕಣ್ಣಿಗೆ ಬೀಳುತ್ತಿದ್ದರೆ ದೇಹ ಇನ್ನೂ ಹಗಲೆಂದೇ ತಿಳಿದು, ನಿದ್ರೆಗೆ ಅಣಿಮಾಡುವ ಮೆಲಟೋನಿನ್ ಸ್ರಾವವನ್ನು ತಡೆಹಿಡಿಯುತ್ತದೆ. ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಬೆಳಕಿನ ಒಂದು ಬಿಲ್ಲೆ; ಅದರ ಮೇಲೆ ಹಳದಿ ರಂಜಕದ ಲೇಪ. ಲೇಪವನ್ನು ದಾಟಿ ಬರುವ ನೀಲಿಯ ಪಾಲು 6500 ಕೆಲ್ವಿನ್ ದೀಪದಲ್ಲಿ ಹೆಚ್ಚು, 2700 ಕೆಲ್ವಿನ್ ದೀಪದಲ್ಲಿ ಕಡಿಮೆ. 2022ರಲ್ಲಿ ಈ ಕ್ಷೇತ್ರದ ತಜ್ಞರ ಗುಂಪೊಂದು ಪ್ರಕಟಿಸಿದ ಶಿಫಾರಸಿನ ಪ್ರಕಾರ, ಮಲಗುವ ಮೂರು ಗಂಟೆ ಮೊದಲಿನಿಂದ ಕಣ್ಣಿನ ಮಟ್ಟದಲ್ಲಿ ಬೀಳುವ ಈ ಬಗೆಯ ಬೆಳಕು ಮೆಲನಾಪ್ಸಿನ್‌ನ ಅಳತೆಯಲ್ಲಿ 10 ಲಕ್ಸ್ ಮೀರಬಾರದು. ಹಗಲಿನಲ್ಲಿ ಮಾತ್ರ 250 ಲಕ್ಸಿಗೆ ಕಡಿಮೆಯಾಗಬಾರದು. ಅಜ್ಜಿಯ ಸಂಜೆಯೂ ಸರಿಯಾಗಿ ಮೂರು ಗಂಟೆಯದೇ.

ವಯಸ್ಸಿನ ಸಂಗತಿಯೂ ಇದರಲ್ಲಿ ಸೇರುತ್ತದೆ. ಅರವತ್ತು ದಾಟಿದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರವರಿಗೆ ತಲುಪುವುದರ ಮೂರನೆಯ ಒಂದು ಪಾಲಿನಷ್ಟು. ಆದ್ದರಿಂದ ಓದಲು ಅವರಿಗೆ ಹೆಚ್ಚು ಬೆಳಕು ಬೇಕೆಂಬ ಮಗನ ಊಹೆ ಸುಳ್ಳಲ್ಲ. ಆದರೆ ಮಂಜಾಗುತ್ತಿರುವ ಮಸೂರ ಬೆಳಕನ್ನು ಚದುರಿಸುತ್ತದೆ. ನೆತ್ತಿಯ ಮೇಲಿನಿಂದ ನೇರವಾಗಿ ಬೀಳುವ ಹನ್ನೆರಡು ಬಿಂದುಗಳು ಅಂಥ ಕಣ್ಣಿಗೆ ಹನ್ನೆರಡು ಮುಳ್ಳುಗಳು. ಹಿರಿಯರಿಗೆ ಬೇಕಾದದ್ದು ಪುಸ್ತಕದ ಮೇಲೆ ಹೆಚ್ಚು ಬೆಳಕು, ಕಣ್ಣಿನ ಮೇಲೆ ಕಡಿಮೆ ಬೆಳಕು. ಪಂಡಿತರ ಬಾಗುಕತ್ತಿನ ಮೇಜುದೀಪ ಮಾಡುತ್ತಿದ್ದುದು ಇದನ್ನೇ.

ಹೆಸರುಗಳಲ್ಲಿಯೂ ಒಂದು ಸ್ವಾರಸ್ಯವಿದೆ. ಅಂಗಡಿಯವರು 2700 ಕೆಲ್ವಿನ್ ದೀಪವನ್ನು 'ವಾರ್ಮ್', 6500ರದನ್ನು 'ಕೂಲ್' ಎಂದು ಕರೆಯುತ್ತಾರೆ. ಉಷ್ಣತೆಯ ಅಂಕಿ ಏರಿದಷ್ಟೂ ಹೆಸರು ತಣ್ಣಗಾಗುತ್ತದೆ. ಪೂಜ್ಯಪಾದರ ವಿಂಗಡಣೆಯಲ್ಲಿ ನೋಡಿದರೆ ಎಲ್‌ಇಡಿ ಮುಟ್ಟಲು ಬೆಂಕಿಯಷ್ಟು ಸುಡದಿದ್ದರೂ, ಹಗಲಿನ ವೇಷ ಹಾಕಿದಾಗ ದೇಹಕ್ಕೆ ಅದು ಆತಪವೇ. ಸಂಜೆಯ ಮನೆಗೆ ಬೇಕಾದದ್ದು ಉದ್ಯೋತ: ತಂಪಾದ, ತನ್ನಷ್ಟಕ್ಕೆ ನಿಂತ, ಕತ್ತಲೆಯನ್ನು ಓಡಿಸದೆ ಅದರ ಜೊತೆಗಿರುವ ಬೆಳಕು. ಇದು ಶಾಸ್ತ್ರಾರ್ಥದ ವಿಸ್ತರಣೆಯೇ ಹೊರತು ಶಾಸ್ತ್ರವಲ್ಲ. ಆದರೆ ಆ ಮನೆಯವರು ದೀಪ ಆರಿಸಲು ಅಂಗಡಿಗೆ ಹೋದಾಗ ಅವರ ಬಾಯಲ್ಲಿದ್ದುದು ಈ ಎರಡು ಶಬ್ದಗಳೇ.

ಬದಲಾವಣೆ ಒಮ್ಮೆಗೇ ಸರಿಹೋಗಲಿಲ್ಲ. ಮಗ ಮೊದಲು ಫ್ಯಾನಿನ ಹಳೆಯ ರೆಗ್ಯುಲೇಟರಿಗೆ ದೀಪಗಳನ್ನು ಜೋಡಿಸಿ ಮಂದಗೊಳಿಸಲು ನೋಡಿದರು. ಅದಕ್ಕೆಂದು ಮಾಡದ ಎಲ್‌ಇಡಿಗಳು ಮಿಣಮಿಣ ಮಿಟುಕಿ ಎಲ್ಲರಿಗೂ ತಲೆನೋವು ತಂದವು. ಅನಂತರ ಎಲ್ಲ ಹನ್ನೆರಡನ್ನೂ 2700ಕ್ಕೆ ಬದಲಿಸಿದರು. ಬಣ್ಣ ಹಿತವಾಯಿತು, ಚುಚ್ಚುವುದು ನಿಲ್ಲಲಿಲ್ಲ. ಬೆಳಕಿನ ಪ್ರಮಾಣವೂ ದಿಕ್ಕೂ ಹಾಗೆಯೇ ಇದ್ದವು. ಕೊನೆಗೆ ದಾರಿ ತೋರಿದವರು ಗಣಿತದ ಅಧ್ಯಾಪಕಿಯಾದ ಸೊಸೆ. ಕೋಣೆಗೆ ಎಷ್ಟು ಬೆಳಕು ಬೇಕು ಎಂದು ಕೇಳುವ ಬದಲು ಯಾರು ಎಲ್ಲಿ ಕೂತು ಏನು ಮಾಡುತ್ತಾರೆ ಎಂದು ಅವರು ಪಟ್ಟಿ ಮಾಡಿದರು. ಅಜ್ಜಿಯ ಕುರ್ಚಿಯ ಹಿಂದೆ, ಭುಜಕ್ಕಿಂತ ಕೊಂಚ ಮೇಲಕ್ಕೆ, ಬಟ್ಟೆಯ ಮುಸುಕಿನ ಒಂದು ನಿಲುದೀಪ. ಓದುವುದಕ್ಕೆ ಪಂಡಿತರ ಮೇಜುದೀಪವೇ ಅಟ್ಟದಿಂದ ಇಳಿಯಿತು. ವೈರು ಹೊಸದು, ಬುರುಡೆ ಎಲ್‌ಇಡಿ. ಎದುರು ಗೋಡೆಯ ಕಡೆಗೆ ಮುಖ ಮಾಡಿದ ಒಂದು ಸಣ್ಣ ದೀಪ, ಗೋಡೆಗೆ ಬಡಿದು ಹಿಂದಿರುಗುವ ಬೆಳಕಿಗಾಗಿ. ಮೂರಕ್ಕೂ ಬೇರೆಬೇರೆ ಸ್ವಿಚ್ಚು. ಛಾವಣಿಯ ದೀಪಗಳ ತಂತಿಯನ್ನು ಬಿಡಿಸಿ ನಾಲ್ಕು ನಾಲ್ಕರ ಮೂರು ಗುಂಪು ಮಾಡಿದರು. ನೆಂಟರು ಬಂದಾಗ, ನೆಲ ಗುಡಿಸುವಾಗ ಬೇಕಾದಷ್ಟು.

ಅಡುಗೆಮನೆಯನ್ನು ಮಾತ್ರ ಸೊಸೆ ಮುಟ್ಟಗೊಡಲಿಲ್ಲ. ಅಕ್ಕಿ, ಬೇಳೆ, ಸೊಪ್ಪುಗಳಲ್ಲಿ ಹುಳುವಿದೆಯೇ ಎಂದು ನೋಡುವ ಜಾಗದಲ್ಲಿ ಬಿಳಿಯ ಸ್ಪಷ್ಟ ಬೆಳಕೇ ಬೇಕು. ಬಣ್ಣಗಳನ್ನು ನಿಜವಾಗಿ ತೋರಿಸುವ, ವರ್ಣನಿಷ್ಠೆಯ ಅಂಕ 90ಕ್ಕೆ ಮೇಲಿರುವ ದೀಪವನ್ನು ಅಲ್ಲಿಗೆ ಹುಡುಕಿ ತಂದರು. ಅತ್ತೆ ಇದನ್ನು ಮನಸಾರೆ ಒಪ್ಪಿದರು. ಅಹಿಂಸೆಯ ಸಲುವಾಗಿ ಒಂದು ಕೋಣೆಯಲ್ಲಿ ಬೆಳಕು ಹೆಚ್ಚಬೇಕು, ಇನ್ನೊಂದರಲ್ಲಿ ಕುಗ್ಗಬೇಕು ಎಂಬ ವಿಷಯದಲ್ಲಿ ಇಬ್ಬರಿಗೂ ಏಕಾಭಿಪ್ರಾಯವಿತ್ತು. ತಿಂಗಳುಗಳ ಮೇಲೆ ಅವರಿಬ್ಬರೂ ಒಂದೇ ಪಕ್ಷ ಹಿಡಿದು ಮಾತನಾಡಿದ ಮೊದಲ ವಿಷಯ ಅದು.

ಹಳದಿ ಛಾಯೆಯ ಮಂದ ಬೆಳಕಿಗೆ ಹುಳುಗಳು ಕಡಿಮೆ ಬರುತ್ತವೆ, ಬರುವುದೇ ಇಲ್ಲವೆಂದಲ್ಲ. ಮಳೆಯ ಸಂಜೆಗಳಲ್ಲಿ ಕಿಟಕಿಯ ಪರದೆ ಎಳೆದು ಒಂದು ತಾಸು ಎಲ್ಲ ದೀಪಗಳನ್ನೂ ತಣಿಸುವ ಹಳೆಯ ಪದ್ಧತಿ ಮನೆಗೆ ಮರಳಿತು. ಮೊದಲ ದಿನ ಮಗ ಆ ಕತ್ತಲೆಯಲ್ಲಿ ಮೊಬೈಲು ತೆಗೆದರು. ತಾಯಿ ಏನೂ ಹೇಳಲಿಲ್ಲ. ಒಂದು ಹುಳು ಬಂದು ಅದರ ಗಾಜಿನ ಮೇಲೆ ಕುಳಿತಿತು. ಅವರು ಅದನ್ನು ಮುಚ್ಚಿಟ್ಟರು.

ಅಜ್ಜಿ ನಡುಮನೆಗೆ ಮರಳಿದರು, ದಿನವೂ ಅಲ್ಲ. ಸಾಮಾನಿನ ಕೋಣೆಯ ಮಣೆಯೂ ಅವರಿಗೆ ಅಭ್ಯಾಸವಾಗಿತ್ತು. ಸಾಮಾಯಿಕವನ್ನು ಅಲ್ಲೇ ಮುಗಿಸಿ, ಮಾತಿನ ಹೊತ್ತಿಗೆ ಮಾತ್ರ ಬೆತ್ತದ ಕುರ್ಚಿಗೆ ಬರುತ್ತಾರೆ. ನಿದ್ರೆ ಮೊದಲಿನಷ್ಟು ಅಲ್ಲದಿದ್ದರೂ ಹತ್ತರ ಒಳಗೆ ಬರುತ್ತದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಮಾತನ್ನು ಈಗ ಅವರೇ ಎತ್ತುತ್ತಾರೆ. 'ನೊಂದುಕೊಳ್ಳುತ್ತಾನೆ' ಎಂದು ಮಾತನ್ನು ನುಂಗಿಕೊಳ್ಳುವುದನ್ನು ಸ್ವಲ್ಪಮಟ್ಟಿಗೆ ಬಿಟ್ಟಿದ್ದಾರೆ. ಮಕ್ಕಳೂ ಕೇಳುವುದನ್ನು ಕಲಿತಿದ್ದಾರೆ.

ಆ ವರ್ಷದ ಆಷಾಢದ ಹುಣ್ಣಿಮೆಯಂದು ಮೋಡ ಮುಚ್ಚಿತ್ತು. ಪ್ರತಿಶ್ರುತಿಯ ಕತೆಯನ್ನು ಆಕಾಶದಲ್ಲಿ ನೋಡಬೇಕೆಂದಿದ್ದ ಮೊಮ್ಮಗಳಿಗೆ ನಿರಾಶೆಯಾಯಿತು. ಆದರೆ ಕಾರ್ತಿಕದಲ್ಲಿ ಒಂದು ಸಂಜೆ, ನಿಲುದೀಪವೊಂದೇ ಉರಿಯುತ್ತಿದ್ದಾಗ, ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಬಿದ್ದಿರುವುದನ್ನು ಸೊಸೆ ಮೊದಲು ಕಂಡರು. ಬೀದಿದೀಪವಿರಬೇಕೆಂದು ಎದ್ದು ನೋಡಿದರೆ ಚಂದ್ರ. ಇಪ್ಪತ್ತೈದು ವರ್ಷ ಆ ಮನೆಯಲ್ಲಿ ಬಾಳಿದರೂ ಆ ಕಿಟಕಿಗೆ ಬೆಳದಿಂಗಳು ಬರುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ. ಅಜ್ಜಿಗೆ ತಿಳಿದಿತ್ತು.

ಛಾವಣಿಯಲ್ಲಿ ಹನ್ನೆರಡು ರಂಧ್ರಗಳು ಈಗಲೂ ಹಾಗೆಯೇ ಇವೆ. ಅವುಗಳಲ್ಲಿ ಎಂಟು ಹಬ್ಬಕ್ಕೊಮ್ಮೆ ಬೆಳಗುತ್ತವೆ. ಉಳಿದ ನಾಲ್ಕನ್ನು, ತಾಯಿಯ ಊಟ ಮುಗಿದು ಕೈ ತೊಳೆಯುವ ಸದ್ದು ಕೇಳಿದೊಡನೆ, ಯಾರೂ ಹೇಳದೆಯೇ ಮಗ ಎದ್ದು ಹೋಗಿ ತಣಿಸುತ್ತಾರೆ.